ವನಜಾಕ್ಷಿಗೆ ಎಲ್‌ಕೆಜಿ ಸಿಕ್ಕ ದಿನ

ಮೊಳಕಾಲ್ಮೂರಿನಲ್ಲಿ ವನಜಾಕ್ಷಿಯ ಕಣ್ಣಿಗೆ ಸರಿ ಕಂಡ ಮನುಷ್ಯರು ಕಡಿಮೆ. ಗಂಡ ಗೋವರ್ಧನ ಮೈಗಳ್ಳ, ಅತ್ತೆ ನಿಂಗಕ್ಕ ಕೊಳಕಿ, ತಾನು ಪಾಠ ಹೇಳುವ ಸ್ಕೂಲಿನ ಸೆಕ್ರೆಟರಿ ನಾಗಭೂಷಣ ಜಿಪುಣ, ಜೊತೆಯ ಟೀಚರು ನಿರ್ಮಲಾ ಪೆದ್ದಿ. ಇದರಲ್ಲಿ ಯಾವುದೂ ಪೂರ್ತಿ ಸುಳ್ಳಾಗಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಸುಳ್ಳಾಗಿದ್ದರೆ ಯಾರಾದರೂ ಎದ್ದು ಅವಳ ಬಾಯಿ ಮುಚ್ಚಿಸುತ್ತಿದ್ದರು. ಹಾಗಾಗಲಿಲ್ಲವಾದ್ದರಿಂದ ಮದುವೆಯಾಗಿ ಬಂದಂದಿನಿಂದ ಅವಳು ಮೂಗು ಮುರಿಯುತ್ತಲೇ ಇದ್ದಳು, ಮನೆಯವರು ಅದನ್ನು ನೋಡುತ್ತಲೇ ಇದ್ದರು.

ಆ ಶನಿವಾರ ಬೆಳಿಗ್ಗೆಯೂ ದಿನ ಶುರುವಾದದ್ದು ಹಾಗೆಯೇ. ನೀರು ಹಿಡಿದು, ಪಾತ್ರೆ ತೊಳೆದು, ಅನ್ನ ಸಾರು ಮಾಡಿಟ್ಟು, ಸೀರೆಯ ನೆರಿಗೆ ಹಿಡಿಯುತ್ತ ಅವಳು ಹೊರಗೆ ಬಂದರೆ ನಿಂಗಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ಹುರಿದ ಶೇಂಗಾ. ಮುದುಕಿ ಬೀಜವನ್ನು ತನ್ನ ಬಾಯಿಗೆ ಹಾಕಿಕೊಂಡು ನುಣ್ಣಗೆ ನುರಿಸಿ, ಆ ಹಿಟ್ಟನ್ನು ತೋರುಬೆರಳಲ್ಲಿ ತೆಗೆದು ಮೊಮ್ಮಗಳು ಇಂಪನಳ ನಾಲಿಗೆಗೆ ಹಚ್ಚುತ್ತಿದ್ದಳು. ಇಂಪನಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಮುಂದಿನ ಹಲ್ಲು ಬಂದಿದ್ದವು, ದವಡೆಯ ಹಲ್ಲು ಈಗಷ್ಟೇ ಒಸಡಿನಲ್ಲಿ ಮೊಳೆಯುತ್ತಿದ್ದವು. ಅದು ಹಕ್ಕಿಮರಿಯ ಹಾಗೆ ಬಾಯಿ ತೆರೆದುಕೊಂಡು ಮುಂದಿನ ತುತ್ತಿಗೆ ಕಾಯುತ್ತಿತ್ತು.

"ಥೂ! ಎಷ್ಟು ಸಲ ಹೇಳ್ಬೇಕು ಅತ್ತೆ ನಿಮಗೆ? ನಿಮ್ಮ ಎಂಜಲು ನನ್ನ ಮಗಳ ಬಾಯಿಗೆ ಹಾಕ್ಬೇಡ್ರಿ ಅಂತ."

"ಎಂಜಲಂತೆ! ನಿನ್ನ ಗಂಡನ್ನ ಹಿಂಗೇ ಬೆಳೆಸಿದ್ದು ಕಣವ್ವ ನಾನು."

"ಅದಕ್ಕೇ ಹಂಗಾಗಿದಾರೆ," ಎಂದಳು ವನಜಾಕ್ಷಿ. ಮಗುವನ್ನು ಕಿತ್ತುಕೊಂಡು ಸೆರಗಿನಿಂದ ಅದರ ನಾಲಿಗೆಯನ್ನು ಒರೆಸಿದಳು. ಮಗು ಕಿರುಚಿತು. ನಿಂಗಕ್ಕ ಉಳಿದ ಹಿಟ್ಟನ್ನು ತಾನೇ ನುಂಗಿ, "ಹೋಗ್ಲಿ ಬಿಡು ನನ್ನ ಬಂಗಾರು, ನಿಮ್ಮವ್ವ ಓದಿದೋಳು," ಎಂದು ಮೊಮ್ಮಗಳಿಗೆ ಸಮಾಧಾನ ಹೇಳಿದಳು.

ಎಂದಿನಂತಾಗಿದ್ದರೆ ಜಗಳ ಅಲ್ಲಿಗೆ ಮುಗಿದು, ವನಜಾಕ್ಷಿ ಮಗುವನ್ನು ಅದೇ ಅತ್ತೆಯ ಮಡಿಲಿಗೆ ಹಾಕಿ ಹೊರಡುತ್ತಿದ್ದಳು. ಆದರೆ ಅಂದು ನಿಂಗಕ್ಕ ರಾಂಪುರಕ್ಕೆ ಹೊರಟಿದ್ದಳು. ಅಲ್ಲಿರುವ ಅವಳ ತಂಗಿ ಹುಚ್ಚಕ್ಕನ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಪೆಟ್ಟಿಗೆಯ ಸೀರೆ ಉಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೂಸನ್ನ ನಾನೇ ಕರ್ಕೊಂಡು ಹೋಗ್ತೀನಿ ಬಿಡು. ಅಲ್ಲಿ ಹತ್ತು ಜನ ಅದಾರೆ, ಎತ್ಕೊಂತಾರೆ," ಎಂದಳು.

ಹತ್ತು ಜನ ಎಂದರೆ ಹತ್ತು ಮುದುಕಿಯರು. ಅವರೆಲ್ಲ ಸರದಿಯ ಮೇಲೆ ಏನೇನು ನುರಿಸಿ ತನ್ನ ಮಗಳಿಗೆ ತಿನ್ನಿಸಬಹುದು ಎಂಬುದನ್ನು ನೆನೆದು ವನಜಾಕ್ಷಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಏನೂ ಬೇಡ, ನೀವು ಹೋಗ್ಬರ್ರಿ," ಎಂದಳು. ಮುದುಕಿ ಮುಖ ಚಿಕ್ಕದು ಮಾಡಿಕೊಂಡು ಹೋದಳು.

ಉಳಿದವನು ಗೋವರ್ಧನ. ಅವನು ರೇಷ್ಮೆ ಸೀರೆ ನೇಯುವವನು. ಮನೆಯ ನಡುಕೋಣೆಯಲ್ಲಿ ನೆಲ ಅಗೆದು ಕುಣಿ ಮಾಡಿ ಮಗ್ಗ ಹೂಡಿತ್ತು. ನೇಕಾರ ಅಂಚಿನ ಮೇಲೆ ಕೂತು ಕಾಲು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತ ಲಾಳಿ ಆಡಿಸಬೇಕು. ಕೆಲಸ ಕಷ್ಟದ್ದೇ, ಅವನ ಕೈಯೂ ಒಳ್ಳೆಯದೇ. ಆದರೆ ಆ ಕುಣಿಗೆ ಅವನು ಕಂಡುಕೊಂಡಿದ್ದ ಇನ್ನೊಂದು ಉಪಯೋಗ ಊರಿನ ಬೇರೆ ಯಾವ ನೇಕಾರನಿಗೂ ಹೊಳೆದಿರಲಿಲ್ಲ. ಮಗು ಉಚ್ಚೆ ಮಾಡಿದರೆ ಅವನ ಕಾಲು ಕುಣಿಯಲ್ಲಿ. ಸಿಲಿಂಡರಿನವನು ಬಾಗಿಲು ಬಡಿದರೆ ಕಾಲು ಕುಣಿಯಲ್ಲಿ. ಟೀ ಅಂಗಡಿಯಿಂದ ಯಾರಾದರೂ ಕೂಗಿದರೆ ಮಾತ್ರ ಆ ಎರಡು ಕಾಲು ಹೇಗೆ ಮೇಲೆ ಬಂದವು ಎಂದು ನೋಡಿದವರಿಗೇ ಗೊತ್ತಾಗುತ್ತಿರಲಿಲ್ಲ.

"ಏನ್ರೀ, ಇವತ್ತೊಂದು ದಿನ ಇಂಪನಾನ ನೋಡ್ಕೊಳ್ರಿ. ಸಂಜಿಗೆ ಬಂದ್ಬಿಡ್ತೀನಿ."

"ನಾನಾ?" ಗೋವರ್ಧನ ಅಂಚಿನ ಜರಿಯಿಂದ ಕಣ್ಣು ತೆಗೆಯಲಿಲ್ಲ. "ಕಾಲು ಕುಣಿಯಾಗೈತಲ್ಲೇ."

"ಮೇಲೆ ತಗೀರಿ."

"ಸೆರಗು ನೇಯೋ ಹೊತ್ತು ಕಣೆ ಇದು. ಕೂಸು ಬಂದು ಎಳೆ ಎಳೆದ್ರೆ ಏನ್ಮಾಡ್ಲಿ?"

ವನಜಾಕ್ಷಿ ಅವನ ಬೆನ್ನನ್ನು ಒಂದು ಗಳಿಗೆ ನೋಡಿದಳು. ಮದುವೆಯಾದಾಗಿನಿಂದ ಅವಳು ಹೆಚ್ಚಾಗಿ ನೋಡಿರುವುದು ಆ ಬೆನ್ನನ್ನೇ. ಆಮೇಲೆ ಚೀಲಕ್ಕೆ ಎರಡು ಚಡ್ಡಿ, ಒಂದು ಬಾಟಲಿ ಹಾಲು, ಒಂದು ಡಬ್ಬಿ ಅನ್ನ ತುರುಕಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಅವಳು ಹೊರಟದ್ದು ಚಳ್ಳಕೆರೆಗೆ, ಪ್ರಥಮ ಚಿಕಿತ್ಸೆಯ ತರಬೇತಿಗೆ. ಎರಡು ದಿನದ್ದು, ಅಂದು ಕೊನೆಯ ದಿನ. ಸೆಕ್ರೆಟರಿ ನಾಗಭೂಷಣನಿಗೆ ಮಕ್ಕಳ ಪ್ರಾಣದ ಮೇಲೆ ದಿಢೀರನೆ ಪ್ರೀತಿ ಹುಟ್ಟಿತೆಂದು ಯಾರೂ ತಿಳಿಯಬೇಕಾಗಿಲ್ಲ. ಎದುರಿನ ಸ್ಕೂಲಿನವರು ಬೋರ್ಡಿನಲ್ಲಿ 'ತರಬೇತಿ ಪಡೆದ ಶಿಕ್ಷಕಿಯರು' ಎಂದು ಬರೆಸಿದ್ದರು, ಇವನಿಗೂ ಬರೆಸಬೇಕಾಗಿತ್ತು. ಅದಕ್ಕೇ ಒಂದು ಮಾತು ಹೇಳಿದ್ದ: ಬರುವ ಸೋಮವಾರದಿಂದ ಎಲ್‌ಕೆಜಿ ಟೀಚರ ಜಾಗ ಖಾಲಿ, ವನಜಾಕ್ಷಿ ಮತ್ತು ನಿರ್ಮಲಾ ಇಬ್ಬರಲ್ಲಿ ತರಬೇತಿಯಲ್ಲಿ ಯಾರು ಮೇಲೆ ಬರುತ್ತಾರೋ ಎಲ್‌ಕೆಜಿ ಅವರಿಗೆ.

ಎಲ್‌ಕೆಜಿ ಅಂದರೆ ಅಷ್ಟೇನು ದೊಡ್ಡದು ಎಂದು ಕೇಳುವವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದವರಲ್ಲ. ಎಲ್‌ಕೆಜಿ ಊಟದ ಹೊತ್ತಿಗೆ ಬಿಡುತ್ತದೆ. ಅದರ ಟೀಚರು ತನ್ನ ಸ್ವಂತ ಮಗುವನ್ನು ಕ್ಲಾಸಿನ ಮೂಲೆಯಲ್ಲಿ ಕೂರಿಸಿಕೊಂಡರೆ ಯಾರೂ ಕೇಳುವುದಿಲ್ಲ. ಎಲ್‌ಕೆಜಿ ಸಿಕ್ಕರೆ ಇಂಪನ ಅವಳ ಕಣ್ಣೆದುರಿಗೆ ಇರುತ್ತಾಳೆ, ನಿಂಗಕ್ಕನ ಬೆರಳಿನಿಂದ ಬಿಡುಗಡೆ. ಸಿಗದಿದ್ದರೆ ಸಂಜೆಯವರೆಗೆ ಐದನೇ ಕ್ಲಾಸಿನ ಹುಡುಗರ ಜೊತೆ ಗಂಟಲು ಹರಿದುಕೊಳ್ಳುತ್ತ, ಮನೆಯಲ್ಲಿ ಮಗು ಏನು ನೆಕ್ಕುತ್ತಿದೆಯೋ ಎಂದು ಕುದಿಯಬೇಕು. ಈ ಒಂದೇ ಕಾರಣಕ್ಕೆ ಅವಳಿಗೆ ಎಲ್‌ಕೆಜಿ ಬೇಕಾಗಿತ್ತು, ಹಲ್ಲು ಕಚ್ಚಿ ಬೇಕಾಗಿತ್ತು.

ಬಸ್ಸಿನಲ್ಲಿ ಇಂಪನ ಪಕ್ಕದ ಹಾನಗಲ್ಲು ದಾಟುವ ಮೊದಲೇ ಹಾಲು ಕಕ್ಕಿತು. ಪಕ್ಕದ ಹೆಂಗಸು ಸೀರೆ ಮುದುರಿಕೊಂಡು, "ದೃಷ್ಟಿ ಆಗೈತೆ, ಮನಿಗೆ ಹೋಗಿ ಉಪ್ಪು ನೀವಾಳಿಸ್ರಿ," ಎಂದಳು. ಹಾಲು ಕುಡಿಸಿದ ಕೂಡಲೇ ಬಸ್ಸು ಹತ್ತಿಸಿದರೆ ಮಗು ಕಕ್ಕದೆ ಇನ್ನೇನು ಮಾಡೀತು ಎಂದು ವನಜಾಕ್ಷಿ ಹೇಳಿದಳು. ಹೆಂಗಸು ಸೀಟು ಬದಲಾಯಿಸಿದಳು. ಎರಡು ಚಡ್ಡಿಗಳಲ್ಲಿ ಒಂದು ಬಸ್ಸು ತಳಕಿನಲ್ಲಿ ನಿಂತಾಗ ಮುಗಿಯಿತು, ಇನ್ನೊಂದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಕಿಟಕಿಯಲ್ಲಿ ಬರುವ ಹೊತ್ತಿಗೆ.

ತರಬೇತಿ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ. ನಡೆಸುತ್ತಿದ್ದವರು ಊರಿನ ನಾಲ್ಕು ಜನ ವ್ಯಾಪಾರಸ್ಥರು ಸೇರಿ ಕಟ್ಟಿಕೊಂಡ ಸೇವಾ ಸಮಿತಿ. ಸೇವೆ ಅಂದರೆ ಬ್ಯಾನರು, ಶಾಲು ಮತ್ತು ಫೋಟೋ. ತರಬೇತಿ ಕೊಡುವವನು ನಾಗೇಂದ್ರಪ್ಪ. ಯಾವುದೋ ಕಾರ್ಖಾನೆಯಲ್ಲಿ ಸುರಕ್ಷತೆಯ ಅಧಿಕಾರಿಯಾಗಿದ್ದು ನಿವೃತ್ತನಾದವನು, ಬಿಳಿ ಶರಟಿನ ಜೇಬಿಗೆ ಕೆಂಪು ಪ್ಲಸ್ ಗುರುತು ಚುಚ್ಚಿಕೊಂಡು ಮೈಕು ಬಿಡದೆ ಓಡಾಡುತ್ತಿದ್ದ. ಹಿಂದೆ ಕೂತವರಿಗೂ ಕೇಳುವಷ್ಟು ದೊಡ್ಡ ಗಂಟಲು ಅವನಿಗೆ ದೇವರು ಕೊಟ್ಟಿದ್ದ, ಆದರೂ ಮೈಕು ಬೇಕು.

ಶುಕ್ರವಾರ ಅಲ್ಲಿ ನಡೆದದ್ದನ್ನು ನೋಡಿ ವನಜಾಕ್ಷಿ ಬಸ್ಸಿನುದ್ದಕ್ಕೂ ನಕ್ಕಿದ್ದಳು. ಎದೆ ಒತ್ತುವುದನ್ನು, ಉಸಿರು ಊದುವುದನ್ನು ಕಲಿಯಲು ಒಂದು ರಬ್ಬರಿನ ಗೊಂಬೆ ತರಿಸಿದ್ದರು. ಉದ್ಘಾಟನೆ ಎಂದ ಮೇಲೆ ಪೂಜೆ ಆಗಬೇಕಲ್ಲ. ಗಾಡಿ ಕೊಂಡರೆ ಗಾಡಿಗೆ, ಮೋಟಾರು ಕೊಂಡರೆ ಮೋಟಾರಿಗೆ ಮಾಡುವ ಹಾಗೆ ಸಮಿತಿಯವರು ಗೊಂಬೆಗೂ ಮಾಡಿದರು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ತಲೆದೆಸೆಯಲ್ಲಿ ಊದುಬತ್ತಿ, ಕಾಲದೆಸೆಯಲ್ಲಿ ಕಾಯಿ. ಮಲಗಿಸಿದ ಗೊಂಬೆ, ಮೇಲೆ ಹಾರ, ಸುತ್ತ ಕೈಮುಗಿದು ನಿಂತ ಜನ. ಬದುಕಿಸುವುದನ್ನು ಕಲಿಸಬೇಕಾದವರು ಮೊದಲ ದಿನವೇ ಅದಕ್ಕೆ ಹೆಣದ ಕಳೆ ತಂದಿಟ್ಟಿದ್ದರು.

ಅದರ ಫಲ ಶನಿವಾರ ಕಂಡಿತು. ಬಾಯಿಗೆ ಬಾಯಿ ಇಟ್ಟು ಉಸಿರು ಊದುವುದನ್ನು ಒಬ್ಬೊಬ್ಬರೇ ಬಂದು ಮಾಡಿ ತೋರಿಸಿ ಎಂದು ನಾಗೇಂದ್ರಪ್ಪ ಕರೆದ. ಯಾರೂ ಏಳಲಿಲ್ಲ. ಮುಂದಿನ ಸಾಲಿನ ಹಿರಿಯ ಟೀಚರೊಬ್ಬಳು ಸೆರಗು ಸರಿಮಾಡಿಕೊಂಡು, "ಪೂಜೆ ಮಾಡಿದ್ದಕ್ಕೆ ಎಂಜಲು ಮಾಡೋದಾ ಸಾರ್?" ಎಂದು ಕೇಳಿದಳು. ನಾಗೇಂದ್ರಪ್ಪ ಮೈಕು ಹಿಡಿದು ಯೋಚಿಸಿದ. ಮೂವತ್ತು ಹೆಂಗಸರು ಅವನ ಮುಖ ನೋಡಿದರು.

"ಅದೂ ಹೌದು ಅನ್ರಿ," ಎಂದ. "ದೂರದಿಂದ ಊದ್ರಿ. ಅರ್ಥ ಆದ್ರೆ ಸಾಕು."

ಅಂತೂ ಎಲ್ಲರೂ ಬಂದು, ಗೊಂಬೆಗೆ ಒಂದು ಗೇಣು ಮೇಲಿನಿಂದ ಬಿಸಿ ಹಾಲು ಆರಿಸುವವರ ಹಾಗೆ ಉಫ್ ಉಫ್ ಎಂದು ಊದಿ ಹೋದರು. ಒಬ್ಬಳು ಊದಿದ ಮೇಲೆ ಗೊಂಬೆಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ವನಜಾಕ್ಷಿ ತುಟಿಯ ಕೊಂಕಿನಲ್ಲೇ ನಕ್ಕಳು. ಇಂಥ ಮುಠ್ಠಾಳರ ಕೈಗೆ ಜನ ಮಕ್ಕಳನ್ನು ಕೊಟ್ಟು ಕಳಿಸುತ್ತಾರಲ್ಲ ಎಂದುಕೊಂಡಳು. ತನ್ನ ಸರದಿ ಬಂದಾಗ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೋಗಿ, ತಾನೂ ಒಂದು ಗೇಣು ಮೇಲಿನಿಂದಲೇ ಊದಿ ಬಂದು ಕೂತಳು.

ಊಟಕ್ಕೆ ಮುಂಚೆ ಕೊನೆಯ ಪಾಠ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಮಾಡಬೇಕಾದದ್ದು. ನಾಗೇಂದ್ರಪ್ಪ ಒಂದು ದಿಂಬನ್ನು ಮಗು ಎಂದು ಹಿಡಿದುಕೊಂಡು ತೋರಿಸಿದ. ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಬರುವ ಹಾಗೆ ಹಿಡಿದು, ಎರಡು ಹೆಗಲಿನ ನಡುವೆ ಅಂಗೈಯ ಬುಡದಿಂದ ಜೋರಾಗಿ ಗುದ್ದಬೇಕು. "ನಮ್ಮ ಕಡೆ ಏನ್ಮಾಡ್ತಾರೆ? ನೆತ್ತಿಗೇರಿತು ಅಂತ ನೆತ್ತಿ ತಟ್ತಾರೆ. ನೆತ್ತಿಗೆ ದಾರಿ ಎಲ್ಲೈತ್ರೀ ಗಂಟಲಿನಿಂದ?" ಎಂದ. ಎಲ್ಲರೂ ನಕ್ಕರು. ವನಜಾಕ್ಷಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಯಾಕೆಂದರೆ ಅವಳ ಕಣ್ಣ ಮುಂದೆ ಇದ್ದದ್ದು ಕೂಸಿಗೆ ನೀರು ನೆತ್ತಿಗೇರಿದಾಗಲೆಲ್ಲ ತಲೆ ತಟ್ಟಿ "ಯಾರೋ ನೆನೀತಾವ್ರೆ" ಎನ್ನುವ ನಿಂಗಕ್ಕ.

ಇಂಪನ ಅಷ್ಟು ಹೊತ್ತಿಗೆ ರಗಳೆ ಶುರುಮಾಡಿತ್ತು. ನಿದ್ದೆಯ ಹೊತ್ತು ಮೀರಿತ್ತು, ಡಬ್ಬಿಯ ಅನ್ನ ಅರ್ಧ ನೆಲದ ಮೇಲಿತ್ತು. ಹಿಂದಿನ ಸಾಲಿನಿಂದ ಯಾರೋ "ಶ್" ಎಂದರು. ಸಮಿತಿಯವರು ಬೆಳಿಗ್ಗೆಯೇ ಎಲ್ಲರ ಕುರ್ಚಿಯ ಮೇಲೆ ಹುರಿದ ಶೇಂಗಾದ ಒಂದೊಂದು ಪೊಟ್ಟಣ ಇಟ್ಟಿದ್ದರು. ಚಳ್ಳಕೆರೆಯಲ್ಲಿ ಕರೆದವರಿಗೆ ಶೇಂಗಾ ಕೊಡದಿದ್ದರೆ ಕರೆದ ಹಾಗೇ ಅಲ್ಲ. ವನಜಾಕ್ಷಿ ಪೊಟ್ಟಣ ಒಡೆದಿಟ್ಟುಕೊಂಡಿದ್ದಳು.

"ಈಗ ಒಂದು ಪ್ರಶ್ನೆ," ಎಂದ ನಾಗೇಂದ್ರಪ್ಪ. "ಇದಕ್ಕೆ ಸರಿಯಾಗಿ ಹೇಳಿದೋರೇ ಮೊದಲ್ನೇಯೋರು. ಐದು ವರ್ಷದೊಳಗಿನ ಮಕ್ಕಳ ಕೈಗೆ ಏನೇನು ತಿನ್ನಾಕೆ ಕೊಡಬಾರದು?"

ಎರಡು ಕುರ್ಚಿ ಆಚೆ ಕೂತಿದ್ದ ನಿರ್ಮಲಾ ಕೈ ಎತ್ತಿದಳು. ಎಂದೂ ಕೈ ಎತ್ತದವಳು! ಬಳೆ ಝಲ್ ಎಂದಿತು. ವನಜಾಕ್ಷಿಗೆ ಮೈ ಉರಿಯಿತು. ಆ ಪೆದ್ದಿ ಬಾಯಿ ತೆರೆಯುವ ಮೊದಲೇ ತಾನು ಹೇಳಬೇಕು. ಮಗು ಮಡಿಲಲ್ಲಿ ಕಾಲು ಝಾಡಿಸಿ ರಾಗ ಎಳೆಯಿತು. ವನಜಾಕ್ಷಿ ಬಗ್ಗಿ ನೋಡದೆ ಎಡಗೈಯಿಂದ ಪೊಟ್ಟಣ ಬಗ್ಗಿಸಿ ಒಂದು ಹಿಡಿ ಬೀಜವನ್ನು ಅದರ ಅಂಗೈಗೆ ಸುರಿದಳು, ಬಲಗೈ ಎತ್ತಿದಳು, ಎದ್ದು ನಿಂತಳು. ಮಗು ಕುರ್ಚಿಯ ಮೇಲೆ ಉಳಿಯಿತು.

"ಶೇಂಗಾ ಸಾರ್. ಕಡ್ಲೆ, ದ್ರಾಕ್ಷಿ, ಗಟ್ಟಿ ಮಿಠಾಯಿ. ಮುಖ್ಯವಾಗಿ ಶೇಂಗಾ. ಮಕ್ಕಳಿಗೆ ಅಗಿಯೋಕೆ ಬರಲ್ಲ, ಇಡೀ ಬೀಜ ಹಂಗೇ ಶ್ವಾಸನಾಳಕ್ಕೆ ಹೋಗುತ್ತೆ."

"ಶಹಬ್ಬಾಸ್!" ಎಂದ ನಾಗೇಂದ್ರಪ್ಪ. ಚಪ್ಪಾಳೆ ಬಿತ್ತು. ವನಜಾಕ್ಷಿ ನಿರ್ಮಲಾಳ ಕಡೆ ತಿರುಗಿದಳು, ಆ ಮುಖ ಸಪ್ಪಗಾಗುವುದನ್ನು ನೋಡುವುದಕ್ಕೆ. ಮುಖ ಸಪ್ಪಗಾಗಿರಲಿಲ್ಲ, ಬಿಳಿಚಿತ್ತು. ನಿರ್ಮಲಾ ನೋಡುತ್ತಿದ್ದದ್ದು ಕುರ್ಚಿಯನ್ನು.

"ಅಕ್ಕಾ, ಪಾಪು ನೋಡ್ರಿ."

ಇಂಪನ ಅಳುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಬಾಯಿ ತೆರೆದಿತ್ತು, ಕಣ್ಣು ದೊಡ್ಡವಾಗಿದ್ದವು, ಸದ್ದೇ ಇರಲಿಲ್ಲ. ತುಟಿಯ ಸುತ್ತ ಬಣ್ಣ ತಿರುಗುತ್ತಿತ್ತು.

ವನಜಾಕ್ಷಿ ಮಗುವನ್ನು ಬಾಚಿ ಎತ್ತಿಕೊಂಡಳು. ಅವಳ ಕೈ ಮೇಲೆದ್ದು ಎಲ್ಲಿಗೆ ಹೋಯಿತು? ನೆತ್ತಿಗೆ. ಎರಡು ದಿನದ ತರಬೇತಿ, ಡಿ.ಎಡ್., ಬಿ.ಎ. ಎಲ್ಲವನ್ನೂ ಬದಿಗೆ ತಳ್ಳಿ ಅವಳ ಕೈ ಮಗುವಿನ ನೆತ್ತಿಯನ್ನು ಪಟಪಟ ತಟ್ಟಿತು. "ಮೇಲೆ ನೋಡು ಇಂಪನ, ಮೇಲೆ ನೋಡು," ಎಂದು ಬಾಯಿ ತಾನಾಗಿಯೇ ಹೇಳಿತು. ಸುತ್ತ ಮೂವತ್ತು ಜನ ತರಬೇತಿಯಾದವರು ಮುತ್ತಿಕೊಂಡು "ನೆತ್ತಿ ತಟ್ರಿ, ಜೋರಾಗಿ ತಟ್ರಿ" ಎಂದರು. ಒಬ್ಬಳು ನೀರಿನ ಲೋಟ ಹಿಡಿದು ಬಂದಳು, ಇನ್ನೊಬ್ಬಳು ನೆತ್ತಿಗೆ ಊದಿದಳು. ನಾಗೇಂದ್ರಪ್ಪ ಮೈಕಿನಲ್ಲಿ "ಗಾಬರಿ ಆಗಬೇಡ್ರಿ, ಯಾರೂ ಗಾಬರಿ ಆಗಬೇಡ್ರಿ" ಎಂದು ಕೂಗುತ್ತ, ಇನ್ನೊಂದು ಕೈಯಲ್ಲಿ ಫೋನು ಒತ್ತುತ್ತ ಮೆಟ್ಟಿಲ ಕಡೆಗೆ ಓಡಿದ. ಮೈಕಿನ ತಂತಿ ಎಳೆದು ಸ್ಪೀಕರು ಉರುಳಿತು.

ಮಗುವಿನ ತಲೆ ಅವಳ ಕೈಯಡಿ ಹಿಂದಕ್ಕೆ ಸೋತು ಬಿತ್ತು.

ಆ ಭಾರ ಕೈಗೆ ತಗುಲಿದಾಗ ವನಜಾಕ್ಷಿಗೆ ಎಚ್ಚರವಾಯಿತು. ನೀರಿನ ಲೋಟವನ್ನು ಮೊಣಕೈಯಿಂದ ತಳ್ಳಿದಳು. ಕುರ್ಚಿಯ ಮೇಲೆ ಕುಕ್ಕರಿಸಿ, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಬಿಟ್ಟು, ಆ ಪುಟ್ಟ ಹೆಗಲುಗಳ ನಡುವೆ ಅಂಗೈಯ ಬುಡದಿಂದ ಗುದ್ದಿದಳು. ಮತ್ತೆ ಗುದ್ದಿದಳು. ಯಾರೋ "ಅಯ್ಯೋ, ಕೂಸನ್ನ ಸಾಯಿಸ್ತಾಳೆ" ಎಂದು ಕೈ ಹಿಡಿಯಲು ಬಂದರು. ಅವರನ್ನು ಹಿಂದಕ್ಕೆಳೆದದ್ದು ನಿರ್ಮಲಾ. ವನಜಾಕ್ಷಿ ಹಲ್ಲು ಕಚ್ಚಿ ಇನ್ನೂ ಜೋರಾಗಿ ಗುದ್ದಿದಳು. ಸಿಂಬಳ, ಜೊಲ್ಲಿನ ಜೊತೆ ಒಂದು ಇಡೀ ಬೀಜ ಹೊರಬಂದು ನೆಲಕ್ಕೆ ಬಿತ್ತು. ಆಮೇಲೆ ಒಂದು ಗೊರಕೆಯಂಥ ಸದ್ದು, ಅದರ ಬೆನ್ನಿಗೇ ಅಳು. ಬೆಳಿಗ್ಗೆಯಿಂದ ಅವಳನ್ನು ಹೈರಾಣ ಮಾಡಿದ್ದ ಅದೇ ಕೆಟ್ಟ, ಕರ್ಕಶ ಅಳು. ವನಜಾಕ್ಷಿ ಮಗುವನ್ನು ಎದೆಗೆ ಅವಚಿಕೊಂಡಳು.

ನಾಗೇಂದ್ರಪ್ಪ ಮೆಟ್ಟಿಲಿನಿಂದ ಹಿಂದಿರುಗಿದ. ಏನಾಯಿತೆಂದು ತಿಳಿದೊಡನೆ ಅವನ ಎದೆ ಎರಡು ಅಂಗುಲ ಉಬ್ಬಿತು. ಸ್ಪೀಕರು ಎತ್ತಿ ನಿಲ್ಲಿಸಿ, "ನೋಡಿದ್ರಲ್ಲ! ಇದು ನಮ್ಮ ತರಬೇತಿಯ ಫಲ!" ಎಂದ. ಸಮಿತಿಯವರು ಫೋನು ಹಿಡಿದು ಬಂದರು. ಅವರಲ್ಲಿ ಒಬ್ಬ, ಚಿನ್ನದ ಚೈನಿನವನು, ಬಹಳ ನಯವಾಗಿ ಕೇಳಿದ:

"ಮೇಡಂ, ಫೋಟೋ ಮಿಸ್ ಆಯ್ತು. ಇನ್ನೊಂದ್ಸಲ ಮಗೂನ ಹಂಗೇ ಬೋರಲು ಹಾಕ್ಕೊಂತೀರಾ? ಹೊಡೀಬೇಡ್ರಿ, ಸುಮ್ನೆ ಕೈ ಎತ್ತಿದ್ರೆ ಸಾಕು."

ವನಜಾಕ್ಷಿ ಅವನನ್ನು ನೋಡಿದಳು. "ಗೊಂಬೆ ಐತಲ್ರಿ," ಎಂದಳು. "ಹಾರ ಬೇರೆ ಹಾಕೈತೆ. ಅದನ್ನ ಹಾಕ್ಕೊಂಡು ತೆಗೆಸ್ಕಳ್ರಿ." ಆದರೂ ಅವಳ ಹೆಗಲ ಮೇಲೆ ಒಂದು ಶಾಲು ಬಿತ್ತು, ನಾಲ್ಕು ಕಡೆಯಿಂದ ಫೋನು ಮಿಂಚಿದವು. ನಾಗೇಂದ್ರಪ್ಪ ಅವಳನ್ನೇ ಮೊದಲನೆಯವಳೆಂದು ಮೈಕಿನಲ್ಲಿ ಸಾರಿದ. ಬೀಜ ಮಗುವಿನ ಬಾಯಿಗೆ ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಕೇಳಬಹುದಾಗಿದ್ದವಳು ಒಬ್ಬಳೇ. ನಿರ್ಮಲಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕುರ್ಚಿಯ ಸುತ್ತ ಚೆಲ್ಲಿದ್ದ ಶೇಂಗಾ ಬೀಜಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಒಂದು ಮಾತು ಆಡಿದ್ದರೆ ಎಲ್‌ಕೆಜಿ ಅವಳದಾಗುತ್ತಿತ್ತು. ಆರಿಸಿದ್ದನ್ನು ಕಿಟಕಿಯಾಚೆ ಎಸೆದು, ಕೈ ಒರೆಸಿಕೊಂಡು, "ಡಾಕ್ಟ್ರಿಗೆ ತೋರ್ಸಿಬಿಡಿ ಅಕ್ಕಾ, ಚೂರುಪಾರು ಒಳಗೆ ಉಳಿದಿರ್ಬೋದು," ಎಂದಳು. ಆ ಪೆದ್ದಿಯ ಋಣಕ್ಕೆ ಬಿದ್ದೆನಲ್ಲ ಎಂದು ವನಜಾಕ್ಷಿಗೆ ಮೈ ಪರಚಿಕೊಳ್ಳುವಂತಾಯಿತು. ಒಂದು ಥ್ಯಾಂಕ್ಸ್ ಕೂಡ ಅವಳ ಬಾಯಿಂದ ಬರಲಿಲ್ಲ.

ಮಕ್ಕಳ ಡಾಕ್ಟರು ಎದೆ, ಬೆನ್ನಿಗೆಲ್ಲ ಕೊಳವೆ ಇಟ್ಟು ಕೇಳಿ, ಎಕ್ಸರೇ ತೆಗೆಸಿ, ಏನೂ ಉಳಿದಿಲ್ಲ, ಕೆಮ್ಮು ಬಂದರೆ ಕೂಡಲೇ ಕರೆದುಕೊಂಡು ಬನ್ನಿ ಎಂದರು. ವಾಪಸು ಬಸ್ಸಿನಲ್ಲಿ ಇಂಪನ ಎದೆಯ ಮೇಲೆ ನಿದ್ದೆ ಹೋಯಿತು. ಅದರ ಬೆನ್ನ ಮೇಲೆ ಅಂಗೈಯ ಗುರುತು ಕೆಂಪಗೆ ಮೂಡಿತ್ತು. ವನಜಾಕ್ಷಿ ಮೊಳಕಾಲ್ಮೂರಿನವರೆಗೂ ಅದರ ಉಸಿರಿಗೆ ಕಿವಿ ಕೊಟ್ಟುಕೊಂಡೇ ಬಂದಳು. ಕಿಟಕಿಯಾಚೆ ಯಾರನ್ನೂ ನೋಡಲಿಲ್ಲ, ಯಾರನ್ನೂ ಬೈಯಲಿಲ್ಲ.

ಅವಳಿಗಿಂತ ಮೊದಲೇ ಶಾಲಿನ ವಿಡಿಯೋ, ಶೇಂಗಾದ ಸುದ್ದಿ ಸಮೇತ, ಊರು ಸೇರಿತ್ತು. ಓಣಿಯ ಬಾಯಲ್ಲೇ ನಾಲ್ಕು ಜನ ಅಡ್ಡ ಬಂದು ಹೊಗಳಿದರು. ಸೆಕ್ರೆಟರಿ ನಾಗಭೂಷಣ ಫೋನು ಮಾಡಿ, ಎಲ್‌ಕೆಜಿ ನಿಮಗೇ ಮೇಡಂ, ಬೋರ್ಡಿನಲ್ಲಿ ನಿಮ್ಮ ಫೋಟೋನೂ ಹಾಕಿಸ್ತೀನಿ ಎಂದ. ಗೋವರ್ಧನ ಮಗ್ಗದಲ್ಲಿ ಕೂತೇ ಬಂದವರಿಗೆಲ್ಲ ವಿಡಿಯೋ ತೋರಿಸುತ್ತಿದ್ದ. ಅವಳನ್ನು ಕಂಡು, "ನಮ್ಮನೆಯೋಳು ಅಂದ್ರೆ ಏನು ಅನ್ಕೊಂಡಿದ್ರಿ!" ಎಂದ. ಕಾಲು ಮಾತ್ರ ಕುಣಿಯಲ್ಲೇ ಇದ್ದವು.

ರಾಂಪುರದಿಂದ ಬಂದಿದ್ದ ನಿಂಗಕ್ಕ ಮಗುವನ್ನು ಇಸಿದುಕೊಂಡಳು. ಅಂಗಿ ಬಿಚ್ಚಿ ಬೆನ್ನು ನೋಡಿದಳು, ಬಾಯಿ ತೆರೆಸಿ ನೋಡಿದಳು. ಬಂದವರು ಹೋದ ಮೇಲೆ ತಟ್ಟೆಯಲ್ಲಿ ಬಿಸಿ ಅನ್ನ ಹಾಕಿಕೊಂಡು ಬೆರಳಿನಿಂದ ನುಣ್ಣಗೆ ಕಿವುಚುತ್ತ ಕೇಳಿದಳು:

"ಶೇಂಗಾ ಯಾರು ಕೊಟ್ರು?"

ವನಜಾಕ್ಷಿ ಶಾಲು ಮಡಿಸುತ್ತಿದ್ದಳು. "ಅಲ್ಲೇ... ಯಾರೋ ಒಬ್ಬಳು ಅತ್ತೆ. ಟ್ರೈನಿಂಗಿಗೆ ಬಂದಿದ್ಲು."

"ಟೀಚರ್ರಾ?"

"ಹೂಂ."

"ಅವಳ ಮನಿ ಹಾಳಾಗ!" ಎಂದಳು ನಿಂಗಕ್ಕ. ಅವಳು ಸಾಮಾನ್ಯಕ್ಕೆ ಯಾರಿಗೂ ಶಾಪ ಹಾಕುವವಳಲ್ಲ. "ದವಡೆ ಹಲ್ಲು ಬರದ ಕೂಸಿನ ಕೈಗೆ ಇಡೀ ಬೀಜ ಸುರೀತಾಳಲ್ಲೇ, ಕಣ್ಣು ಎಲ್ಲಿಟ್ಕೊಂಡಿದ್ಲು? ಓದಿರೋಳು ಅಂತೀಯ. ಮಕ್ಕಳು ಹೆತ್ತೋಳೇನೇ ಅವಳು?"

"ಹೂಂ ಅತ್ತೆ. ಒಂದೈತೆ."

"ಪಾಪ, ಅದೆಂಗೆ ಬದುಕೈತೋ ಅದು."

ವನಜಾಕ್ಷಿ ಶಾಲನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. ಇಂಪನ ಅಜ್ಜಿಯ ಬೆರಳನ್ನೇ ನೋಡುತ್ತ ಬಾಯಿ ತೆರೆದುಕೊಂಡು ಕೂತಿತ್ತು. ನಿಂಗಕ್ಕನಿಗೆ ಸಿಟ್ಟು ಇಳಿದಿರಲಿಲ್ಲ.

"ಅಲ್ಲ, ಅಂಥೋಳ ಕೈಗೆ ಯಾವ ಸ್ಕೂಲಿನೋರು ಮಕ್ಕಳನ್ನ ಕೊಡ್ತಾರೆ ಅಂತ? ಅವರಿಗಾದ್ರೂ ಬುದ್ಧಿ ಬೇಡ್ವಾ?"

"ನಮ್ಮ ಸ್ಕೂಲಿನೋರೇ ಅತ್ತೆ," ಎಂದಳು ವನಜಾಕ್ಷಿ. "ಸೋಮವಾರದಿಂದ ಎಲ್‌ಕೆಜಿ ಅವಳದೇ."

ಮಗ್ಗದ ಸದ್ದು ನಿಂತಿತು. ಗೋವರ್ಧನ ಲಾಳಿ ಹಿಡಿದುಕೊಂಡು ತಿರುಗಿ ನೋಡಿದ. ನಿಂಗಕ್ಕನ ಬೆರಳು ತಟ್ಟೆಯಲ್ಲೇ ನಿಂತಿತ್ತು.

"ನಾನೇ ಕೊಟ್ಟೆ ಅತ್ತೆ. ಪ್ರಶ್ನೆಗೆ ಉತ್ತರ ಹೇಳೋ ಅವಸರದಾಗೆ ನೋಡ್ದೆ ಕೊಟ್ಟೆ. ಉಸಿರು ಕಟ್ಟಿದಾಗ ಮೊದ್ಲು ನೆತ್ತೀನೇ ತಟ್ಟಿದೆ."

ಬೈಗುಳ ಬಾಯಲ್ಲಿ ಇನ್ನೂ ಬಿಸಿಯಾಗಿದ್ದಾಗಲೇ ಬೈಸಿಕೊಂಡವಳು ಎದುರಿಗೆ ಬಂದು ನಿಂತರೆ ಯಾರಾದರೂ ಏನು ಮಾಡಬೇಕು? ನಿಂಗಕ್ಕ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮುಂದುವರಿಸಲೂ ಇಲ್ಲ. ಅನ್ನದ ಒಂದು ಚೂರು ತನ್ನ ನಾಲಿಗೆಗಿಟ್ಟು ಬಿಸಿ ನೋಡಿ, ಅದೇ ಬೆರಳಿನಿಂದ ಮೊಮ್ಮಗಳ ಬಾಯಿಗೆ ತುತ್ತಿಟ್ಟಳು. ವನಜಾಕ್ಷಿ ಥೂ ಎನ್ನಲಿಲ್ಲ.

"ಸೋಮವಾರ ನೀನು ಹೋಗ್ಬಾ," ಎಂದಳು ನಿಂಗಕ್ಕ, ಸೊಸೆಯ ಕಡೆ ನೋಡದೆ. "ಕೂಸು ನನ್ನ ಹತ್ರ ಇರ್ಲಿ."

"ಹೂಂ ಅತ್ತೆ," ಎಂದಳು ವನಜಾಕ್ಷಿ.